ಬಸ್ತಾ ಮುಗಿಯುವ ತನಕ

ರಾಮಲಿಂಗನಿಗೆ ನೌಕರಿ ಸಿಕ್ಕಿದೆ ಎಂಬುದನ್ನು ನಂಬಲು ಆ ಮನೆಯವರಿಗೆ ಬಹಳ ದಿನ ಬೇಕಾಯಿತು. ನಂಬಿಕೆ ಬಂದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಕೆಟ್ಟದ್ದು ಶುರುವಾದದ್ದು ಅಲ್ಲಿಂದ.

ಮನೆ ಅಂದರೆ ಬೆಳಗಾವಿಯ ಶಿವಬಸವ ನಗರದ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನೀರಿನ ಬ್ಯಾರಲ್ಲು. ಯಜಮಾನ ಸಾತಪ್ಪ ಸರಕಾರಿ ಕಚೇರಿಯೊಂದರಲ್ಲಿ ಜವಾನ. ಮೂಲ ಊರು ಖಾನಾಪುರ ತಾಲೂಕಿನ ಬೀಡಿ; ಅಪ್ಪನ ಕಾಲದ ತನಕ ಕುರಿ ಕಾಯ್ದ ಮನೆತನ. ಹೆಂಡತಿ ಸತ್ಯವ್ವ. ಕಿರಿಯ ಮಗ ಗಜಾನನ ಉದ್ಯಮಬಾಗದ ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುವವನು, ದುಡಿಮೆಯಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹಿರಿಯವನೇ ರಾಮಲಿಂಗ.

ರಾಮಲಿಂಗ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದ. ಚಪಾತಿಗೆ ಪಲ್ಯ ತಾಗಿದರೆ ಆ ಚಪಾತಿ ಬಿಡುತ್ತಿದ್ದ. ‘ಹೊರಗೆ ನಿಲ್ಲು’ ಅಂದರೆ ‘ಒಳಗೆ ಬಾ’ ಅನ್ನುವ ತನಕ ಮಳೆಯಲ್ಲೂ ನಿಲ್ಲುತ್ತಿದ್ದ. ಚಿಕ್ಕಂದಿನಲ್ಲಿ ದೊಡ್ಡ ದವಾಖಾನೆಗೆ ಒಯ್ದಾಗ ತರುಣ ಡಾಕ್ಟರನೊಬ್ಬ ಇದಕ್ಕೆ ಒಂದು ಇಂಗ್ಲಿಷ್ ಹೆಸರು ಹೇಳಿದ್ದ. ಸಾತಪ್ಪ ಅದನ್ನು ದವಾಖಾನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತ. ಸತ್ಯವ್ವ ಮಾತ್ರ ಅದರ ಹಿಂದಿನ ಮಾತನ್ನು ಗಂಟು ಕಟ್ಟಿಕೊಂಡು ಬಂದಳು: ಇದು ಹುಚ್ಚಲ್ಲ, ಔಷಧದಿಂದ ಹೋಗುವುದೂ ಅಲ್ಲ, ಅವನಿಗೆ ತಕ್ಕ ಜಾಗ ಸಿಕ್ಕರೆ ಅವನು ನೆಟ್ಟಗೆ ಇರುತ್ತಾನೆ.

ಆ ಜಾಗ ಸಿಗಲು ಅವನಿಗೆ ಮೀಸೆ ಬಂದು ಎಷ್ಟೋ ವರ್ಷ ಆಗಬೇಕಾಯಿತು. ಕಿರಾಣಿ ಅಂಗಡಿಯವರು ವಾರದೊಳಗೆ ಕಳಿಸಿದರು, ಗ್ಯಾರೇಜಿನವರು ಮಧ್ಯಾಹ್ನವೇ ಕಳಿಸಿದರು. ಕೊನೆಗೆ ಪೇಟೆಯ ದೊಡ್ಡ ಸೀರೆ ಅಂಗಡಿಯಲ್ಲಿ, ಗಿರಾಕಿಗಳು ಬಿಚ್ಚಿ ನೋಡಿ ಬಿಟ್ಟ ಸೀರೆಗಳನ್ನು ಮತ್ತೆ ಮಡಚಿ ಇಡುವ ಕೆಲಸ ಸಿಕ್ಕಿತು. ಅಲ್ಲಿಯೂ ಮೊದಲ ದಿನಗಳು ನಗೆಪಾಟಲಾದವು. ಅವನು ಮಡಚುವುದೇನೋ ಚೆಂದ ಮಡಚುತ್ತಿದ್ದ, ಆದರೆ ಗಿರಾಕಿ ಇನ್ನೂ ನೋಡುತ್ತಿರುವ ಸೀರೆಯನ್ನೂ ಎಳೆದುಕೊಂಡು ಮಡಚುತ್ತಿದ್ದ. ಬಿಚ್ಚಿದ ಸೀರೆ ಬಿಚ್ಚಿದಂತೆಯೇ ಇರುವುದನ್ನು ಅವನಿಂದ ತಡೆಯಲಾಗುತ್ತಿರಲಿಲ್ಲ. ಗದ್ದಲ ಹೆಚ್ಚಾದರೆ, ಗಿರಾಕಿಗಳಿಗೆ ಸೀರೆ ಹರಡಿ ತೋರಿಸುವ ಗಾದಿಯ ಮೂಲೆಯಲ್ಲಿ ಕಿವಿ ಮುಚ್ಚಿ ಕೂಡುತ್ತಿದ್ದ.

ಅಂಗಡಿಯ ಹಳೆಯ ಸೇಲ್ಸ್‌ಮನ್ ಸಿದರಾಯ ಇದನ್ನು ಕೆಲವು ದಿನ ನೋಡಿದ. ಆಮೇಲೆ ಮಾಲಕರನ್ನು ಕೇಳಿ ಅವನನ್ನು ಮಾಳಿಗೆಯ ಕೋಣೆಗೆ ಹತ್ತಿಸಿದ. ಗುಂಯ್ಗುಡುವ ಟ್ಯೂಬ್‌ಲೈಟ್ ತೆಗೆದು ಅಲ್ಲಿ ಸಾದಾ ಬಲ್ಬು ಹಾಕಿಸಿದ. ಮಾಳಿಗೆಯ ಕಿಂಡಿಗೆ ಗಾಲಿ ಕಟ್ಟಿ ಹಗ್ಗದಲ್ಲಿ ಒಂದು ಬುಟ್ಟಿ ಇಳಿಬಿಟ್ಟ. ಕೆಳಗೆ ಬಿಚ್ಚಿದ ಸೀರೆ ಬುಟ್ಟಿಯಲ್ಲಿ ಹಾಕಿ ಹಗ್ಗ ಜಗ್ಗಿದರೆ ಮೇಲಕ್ಕೆ ಹೋಗುತ್ತಿತ್ತು. ಮಡಚಿದ್ದು ಅದೇ ಬುಟ್ಟಿಯಲ್ಲಿ ಕೆಳಗೆ ಬರುತ್ತಿತ್ತು. ಯಾರೂ ಕೂಗುವಂತಿಲ್ಲ, ಯಾರೂ ಮೇಲೆ ಹೋಗಿ ಅವನನ್ನು ಮಾತಾಡಿಸಿ ಮಜಾ ತೆಗೆದುಕೊಳ್ಳುವಂತಿಲ್ಲ. ಅಂಗಡಿಯ ಹುಡುಗರು ಸಿದರಾಯನಿಗೆ ಇದೇನು ಹೊಸ ದೇವರ ಪೂಜೆ ಎಂದು ಚೇಷ್ಟೆ ಮಾಡಿದರು. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಒಂದು ಸಂಜೆ ದಾರಿಯಲ್ಲಿ ಸಿಕ್ಕ ಸತ್ಯವ್ವನಿಗೆ ಸಿದರಾಯ ಇಷ್ಟು ಹೇಳಿಕೊಟ್ಟ: “ಅಕ್ಕಾ, ಅಂವಗ ಒಮ್ಮಿಗೆ ಒಂದs ಮಾತ ಹೇಳಬೇಕು. ಮತ್ತ, ‘ಸ್ವಲ್ಪ ತಡಿ’ ಅನಬಾರ್ದು. ಸ್ವಲ್ಪ ಅಂದ್ರ ಎಷ್ಟಂತ ಅಂವಗ ತಿಳಿಯೂದಿಲ್ಲ, ತಲಿ ಕೆಡಿಸ್ಕೊಂತಾನ. ‘ಇಂಥಾದ್ದು ಮುಗಿಯೂ ತನಕ’ ಅನ್ರಿ. ಅದು ಮುಗಿಯೂ ತನಕ ಕುಂದರ್ತಾನ.”

ಮನೆಯಲ್ಲಿ ಸತ್ಯವ್ವ ಇದನ್ನು ಪಾಲಿಸಿದಳು. ‘ಕುಕ್ಕರ್ ಇಳಿಯುವ ತನಕ ಹಿತ್ತಲಲ್ಲಿ ಇರು’, ‘ನಳದ ನೀರು ಹೋಗುವ ತನಕ ಕೊಡ ಹಿಡಿ’. ಮನೆಯೊಳಗಿನ ಅರ್ಧ ಜಗಳ ನಿಂತುಹೋಯಿತು. ರಾಮಲಿಂಗ ದಿನಾ ಬೆಳಿಗ್ಗೆ ತನ್ನ ಡಬ್ಬಿ ಹಿಡಿದು ಸಿಟಿ ಬಸ್ ಹತ್ತುತ್ತಿದ್ದ. ಚಪಾತಿ ಒಂದು ಖಾನೆಯಲ್ಲಿ, ಒಣ ಬಟಾಟೆ ಪಲ್ಯ ಇನ್ನೊಂದರಲ್ಲಿ, ಒಂದಕ್ಕೊಂದು ತಾಗದಂತೆ. ಸಂಜೆ ಬಂದು ಕೈಕಾಲು ತೊಳೆದು, ಅವ್ವ ಒಣಗಿಸಿದ ಬಟ್ಟೆಗಳನ್ನು ಕೂಡ ಅಂಗಡಿಯ ಅಳತೆಗೆ ಮಡಚಿ ಇಡುತ್ತಿದ್ದ. ತಿಂಗಳ ಪಗಾರವನ್ನು ಅವ್ವನ ಕೈಯಲ್ಲಿ ಇಟ್ಟು ಹಿಂತಿರುಗಿ ನೋಡದೆ ಹೋಗುತ್ತಿದ್ದ. ಆ ಎರಡು ವರ್ಷ ಸತ್ಯವ್ವ ನೆಮ್ಮದಿಯಿಂದ ಉಂಡಳು.

ಎರಡನೆಯ ದೀಪಾವಳಿ ಮುಗಿದ ಮೇಲೆ ಗಜಾನನ ತನ್ನ ಮದುವೆಯ ಮಾತು ತೆಗೆದ. ನೇರವಾಗಿ ತೆಗೆಯಲಿಲ್ಲ. ಊಟಕ್ಕೆ ಕೂತಾಗ, ಸಂಗಡ ಕೆಲಸ ಮಾಡುವವರೆಲ್ಲರಿಗೂ ಲಗ್ನವಾಯಿತು, ತಾನೊಬ್ಬ ಮಷೀನಿನ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದ. ಸಾತಪ್ಪ ರೊಟ್ಟಿ ಮುರಿಯುತ್ತ, ಹಿರಿಯವನ ತಲೆಯ ಮೇಲೆ ಅಕ್ಷತೆ ಬೀಳದೆ ಕಿರಿಯವನಿಗೆ ಹೆಣ್ಣು ನೋಡಿದರೆ ಊರಿನವರು ಕೇಳುವ ಮೊದಲ ಮಾತು ಯಾವುದು ಎಂಬುದು ನಿನಗೆ ಗೊತ್ತಿದೆ ಎಂದ.

“ಹಂಗಾರ ದೊಡ್ಡಾವಂದ ಮಾಡ್ರಿ,” ಎಂದ ಗಜಾನನ. “ಈಗೇನ ಅಂವ ಮನ್ಯಾಗ ಕುಂತಾನೇನು? ನೌಕರಿ ಐತಿ.”

ಸತ್ಯವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತಳು. “ಏನ ಮಾತಾಡ್ತಿ? ಅಂವ ಹೆಂಗದಾನ ಗೊತ್ತಿಲ್ಲ ನಿಂಗ?”

“ಗೊತ್ತೈತಿ. ಅಂವ ಹಂಗದಾನಂತ ನಾ ಮುದುಕ ಆಗ್ಲೇನು?”

ಅವನ ಮಾತಿನಲ್ಲಿ ಅನ್ಯಾಯ ಇರಲಿಲ್ಲ, ಕರುಣೆ ಮಾತ್ರ ಇರಲಿಲ್ಲ. ರಾಮಲಿಂಗ ಗೋಡೆಯ ಕಡೆ ಮುಖ ಮಾಡಿ ಕೂತು ತನ್ನ ಪಾಲಿನ ಚಪಾತಿ ಉಣ್ಣುತ್ತಿದ್ದ. ಮನೆಯಲ್ಲಿ ನಡೆದದ್ದು ತನ್ನ ಮದುವೆಯ ಮಾತು ಎಂದು ಅವನಿಗೆ ಯಾರೂ ಹೇಳಲಿಲ್ಲ. ಸತ್ಯವ್ವ ವಾರಗಟ್ಟಲೆ ಒಲ್ಲೆ ಅಂದಳು, ಕೂತಲ್ಲಿ ನಿಂತಲ್ಲಿ ಜಗಳ ತೆಗೆದಳು, ಒಂದು ದಿನ ಗಂಡನ ತಾಟಿನ ಮುಂದೆ ನೀರು ಇಡದೆ ಎದ್ದುಹೋದಳು. ಸಾತಪ್ಪನಿಗೆ ಅಷ್ಟರಲ್ಲಿ ಬೇರೆಯೇ ಆಸೆ ಹುಟ್ಟಿತ್ತು. ಲಗ್ನವಾದರೆ ಎಲ್ಲರಂತೆ ಆಗುತ್ತಾನೆ ಎಂದು ಅವನು ಒಳಗೊಳಗೇ ನಂಬಿದ್ದ. ಇಷ್ಟು ವರ್ಷ ಕಚೇರಿಯಲ್ಲಿ ಮಗನ ಮಾತು ಬಂದಾಗ ತಲೆ ತಗ್ಗಿಸಿದ ಮನುಷ್ಯ. ತಲೆ ಎತ್ತುವ ಅವಕಾಶ ಸಿಕ್ಕರೆ ಬಿಡುವವನಲ್ಲ.

ಕೊನೆಗೆ ಸಾತಪ್ಪನ ಹಟವೇ ಗೆದ್ದಿತು; ಹೆಣ್ಣು ಸಿಕ್ಕಿದ್ದು ಖಾನಾಪುರದಲ್ಲಿ. ಹೆಣ್ಣಿನ ತಂದೆ ಬೀರಣ್ಣ ಅಲ್ಲಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿಯ ಮೇಸ್ತ್ರಿ, ಒಂದೇ ಮಾತಿನ ಮನುಷ್ಯ. ಮಗಳು ಪೂನಮ ಹತ್ತನೆಯ ತನಕ ಓದಿದವಳು. ಹೆಣ್ಣು ನೋಡಲು ಹೋಗುವ ದಿನ ಸಾತಪ್ಪ ಮಗನಿಗೆ ‘ಮನೆಗೆ ಹೊಳ್ಳಿ ಬರುವ ತನಕ ಮಾತಾಡಬೇಡ’ ಎಂದು ಹೇಳಿದ್ದ. ಸಿದರಾಯನ ಉಪಾಯ ಅವನಿಗೂ ಕೈಗೂಡಿತ್ತು. ರಾಮಲಿಂಗ ಮಾತಾಡಲಿಲ್ಲ. ತಲೆ ಎತ್ತಿ ಹೆಣ್ಣನ್ನು ನೋಡಲೂ ಇಲ್ಲ. ಉಪ್ಪಿಟ್ಟಿನಲ್ಲಿ ಕೈ ಇಡಲಿಲ್ಲ. ಕೇಳಿದ್ದಕ್ಕೆಲ್ಲ ಗಜಾನನ ಉತ್ತರ ಕೊಟ್ಟ. ಬೀರಣ್ಣನ ಮನೆಯ ಹೆಂಗಸರಿಗೆ ಇದೆಲ್ಲ ಬಹಳ ಹಿಡಿಸಿತು. ಈಗಿನ ಹುಡುಗರು ಹೆಣ್ಣನ್ನು ನುಂಗುವ ಹಾಗೆ ನೋಡುತ್ತಾರೆ, ಇವನು ಎಷ್ಟು ಸಂಭಾವಿತ ಎಂದು ಒಳಗೆ ಮಾತಾಡಿಕೊಂಡರು.

ಹುಡುಗ ಅಂಗಡಿಯಲ್ಲಿ ಏನು ಕೆಲಸ ಮಾಡುತ್ತಾನೆ ಎಂದು ಬೀರಣ್ಣ ಕೇಳಿದ. ಸೀರೆ ಮಡಚುತ್ತಾನೆ ಎಂದು ಹೇಳಿದ್ದರೆ ಬಹುಶಃ ಅದೂ ನಡೆದುಹೋಗುತ್ತಿತ್ತು. ಸಾತಪ್ಪ ಮೀಸೆಯ ಮೇಲೆ ಕೈ ಆಡಿಸಿದ.

“ಗಾದಿ ಮ್ಯಾಲ ಕುಂದರ್ತಾನ್ರಿ. ಸೀರಿ ತೋರ್ಸೂದು, ಗಿರಾಕಿ ಸಂಭಾಳ್ಸೂದು ಎಲ್ಲಾ ಅವಂದs. ಮಾಲಕರಿಗೆ ಬಲಗೈ ಇದ್ದಂಗ.”

ಸತ್ಯವ್ವ ಗಂಡನ ಮುಖ ನೋಡಿದಳು. ಪರರ ಮನೆಯಲ್ಲಿ ಕೂತು ಗಂಡನನ್ನು ಸುಳ್ಳನನ್ನಾಗಿ ಮಾಡಲು ಅವಳಿಗೆ ಬಾಯಿ ಬರಲಿಲ್ಲ. ಆಗಲೇ ಮಾತಾಡಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು. ಅನ್ನಿಸಿ ಏನು ಪ್ರಯೋಜನ.

ನಿಶ್ಚಯವಾಯಿತು, ಮುಹೂರ್ತ ಗೊತ್ತಾಯಿತು. ಉಳಿದದ್ದು ಮದುವೆಯ ಜವಳಿ. ಈ ಕಡೆ ಅದಕ್ಕೆ ಬಸ್ತಾ ಅನ್ನುತ್ತಾರೆ: ಎರಡೂ ಕಡೆಯ ಬೀಗರು, ಅತ್ತೆಯರು, ಚಿಕ್ಕಮ್ಮಂದಿರು ಸೇರಿ ಒಂದೇ ಅಂಗಡಿಗೆ ಹೋಗಿ, ಇಡೀ ದಿನ ಕೂತು, ಮದುಮಗಳ ಸೀರೆಯಿಂದ ಹಿಡಿದು ಉಡುಗೊರೆಯ ಟಾವೆಲ್ಲಿನ ತನಕ ತೆಗೆಯುವುದು. ಬೀರಣ್ಣ ಹೇಳಿ ಕಳಿಸಿದ: ಅಳಿಯನ ಅಂಗಡಿ ಇರುವಾಗ ಬೇರೆ ಕಡೆ ಯಾಕೆ, ಅಲ್ಲಿಯೇ ತೆಗೆಯೋಣ, ಅಳಿಯನೇ ಕೈಯಾರೆ ತೋರಿಸಲಿ, ನಮ್ಮ ಮಂದಿಗೂ ಅವನ ಕೆಲಸ ನೋಡಿದಂತಾಗುತ್ತದೆ. ಹೆಣ್ಣು ಕೊಡುವ ತಂದೆ ಕೇಳಬಾರದ್ದನ್ನೇನೂ ಕೇಳಿರಲಿಲ್ಲ.

ಸಾತಪ್ಪ ಮರುದಿನವೇ ಅಂಗಡಿಯ ಮಾಲಕರ ಹತ್ತಿರ ಹೋಗಿ ಕೈಮುಗಿದ. ಒಂದು ದಿನದ ಮಟ್ಟಿಗೆ ಮಗನನ್ನು ಕೆಳಗೆ ಗಾದಿಯ ಮೇಲೆ ಕೂರಿಸಿರಿ, ನಮ್ಮ ಮರ್ಯಾದೆ ಉಳಿಯುತ್ತದೆ ಎಂದ. ಮಾಲಕರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ, ವ್ಯಾಪಾರಿಗಳು. ಎರಡು ಊರಿನ ಬೀಗರು ಕೂಡಿ ಬರುವ ಬಸ್ತಾವನ್ನು ಎದುರಿನ ಅಂಗಡಿಗೆ ಬಿಟ್ಟುಕೊಡುವಷ್ಟು ದಡ್ಡರಲ್ಲ. ಹೂಂ ಅಂದರು.

ಅಂದು ಸಂಜೆ ಸಿದರಾಯ ಶಿವಬಸವ ನಗರಕ್ಕೆ ಮನೆ ಹುಡುಕಿಕೊಂಡು ಬಂದ. ಸತ್ಯವ್ವ ಚಹ ಇಟ್ಟಳು. ಅವನು ಚಹ ಮುಟ್ಟುವ ಮೊದಲೇ ಮಾತಿಗೆ ಬಂದ.

“ಸಾತಪ್ಪಣ್ಣಾ, ಅವನ್ನ ಕೆಳಗ ಇಳಸಬ್ಯಾಡ್ರಿ. ಬಸ್ತಾ ಅಂದ್ರ ಜಾತ್ರಿ. ಅಂವಗ ತಡಿಯೂದಿಲ್ಲ.”

“ಒಂದ ದಿನದ ಮಾತೋ ಮಾರಾಯಾ.”

“ಒಂದ ತಾಸೂ ಆಗೂದಿಲ್ರಿ. ಬೀಗರಿಗೆ ಖರೇ ಹೇಳ್ರಿ. ಮ್ಯಾಲಿನ ಖೋಲ್ಯಾಗ ಅಂವ ಮಾಡೂ ಕೆಲಸಾ ತೋರಸ್ರಿ, ನಾನs ಕರಕೊಂಡ ಹೋಗಿ ತೋರಸ್ತೀನಿ. ನಾಚಿಕಿ ಪಡೂ ಕೆಲಸಾ ಅಲ್ಲ ಅದು.”

ಸಾತಪ್ಪನ ದನಿ ಏರಿತು. ತನ್ನ ಮಗನನ್ನು ಅಟ್ಟದ ಮೇಲೆ ಕೂಡಿಹಾಕಿ ಬುಟ್ಟಿಯಲ್ಲಿ ಕೆಲಸ ಕೊಡುವುದು ಊರಿನವರಿಗೆ ಗೊತ್ತಾದರೆ ಸಾಕು, ಈ ಮನೆಗೆ ಇನ್ನು ಯಾರು ಹೆಣ್ಣು ಕೊಡುತ್ತಾರೆ, ಕಿರಿಯವನ ಗತಿ ಏನು ಎಂದು ಕೇಳಿದ. ಎರಡು ವರ್ಷ ಆ ಅಟ್ಟದ ಪಗಾರವನ್ನೂ ಈ ಮನೆ ಉಂಡಿತ್ತು ಎಂಬುದು ಅವನಿಗೆ ಆಗ ನೆನಪಿರಲಿಲ್ಲ. ಸತ್ಯವ್ವ ನಡುವೆ ಬಾಯಿ ಹಾಕಿ, ಸಿದರಾಯ ಹೇಳುವುದು ಸುಳ್ಳಲ್ಲ, ಬೇಕಾದರೆ ಬಸ್ತಾ ಬೇರೆ ಅಂಗಡಿಯಲ್ಲಿ ಮಾಡೋಣ, ಹುಡುಗನಿಗೆ ರಜೆ ಇಲ್ಲ ಅನ್ನೋಣ ಎಂದಳು. ಗಜಾನನ ಬಾಗಿಲಲ್ಲಿ ನಿಂತವನು, ಹಾಗೆ ಅಂದರೆ ಬೀರಣ್ಣನಿಗೆ ಸಂಶಯ ಬರುತ್ತದೆ, ಒಂದು ದಿನ ಕೂರಲು ಅವನಿಗೇನು ಧಾಡಿ ಎಂದ. ಸಿದರಾಯ ಆರಿದ ಚಹವನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಬಸ್ತಾದ ದಿನ ಬೆಳಿಗ್ಗೆ ರಾಮಲಿಂಗನಿಗೆ ಹೊಸ ಅಂಗಿ ತೊಡಿಸಿದರು. ಕಾಲರು ಕುತ್ತಿಗೆಗೆ ಒತ್ತುತ್ತದೆ ಎಂದು ಅವನು ಮತ್ತೆ ಮತ್ತೆ ಕೈ ಹಾಕುತ್ತಿದ್ದ. ಅಂಗಡಿಯಲ್ಲಿ ಮೆಟ್ಟಿಲ ಕಡೆ ಹೊರಟವನನ್ನು ಸಾತಪ್ಪ ರಟ್ಟೆ ಹಿಡಿದು ನಿಲ್ಲಿಸಿದ.

“ಇವತ್ತ ಮ್ಯಾಲ ಇಲ್ಲ. ಬಸ್ತಾ ಮುಗಿಯೂ ತನಕ ಇಲ್ಲೆ ಗಾದಿ ಮ್ಯಾಲ ಕುಂದರು. ಮುಗಿದ ಮ್ಯಾಲ ನಿನ್ನ ಖೋಲಿಗೆ ಹೋಗೀಯಂತ.”

“ಬಸ್ತಾ ಮುಗಿಯೂ ತನಕ,” ಎಂದ ರಾಮಲಿಂಗ, ಗೋಡೆಯನ್ನು ನೋಡುತ್ತ. ಹೋಗಿ ಕೂತ.

ಖಾನಾಪುರದ ಬಸ್ಸಿನಿಂದ ಬೀರಣ್ಣನ ಮಂದಿ ಬಂದರು. ಗಾದಿ ತುಂಬಿತು. ಟ್ಯೂಬ್‌ಲೈಟುಗಳೆಲ್ಲ ಹೊತ್ತಿದವು, ಫ್ಯಾನುಗಳು ತಿರುಗಿದವು, ಚಹದ ಕಪ್ಪುಗಳ ಸದ್ದು, ಮರಾಠಿ ಕನ್ನಡ ಕೂಡಿದ ನಗೆ. ಸೀರೆಗಳು ಒಂದರ ಮೇಲೊಂದು ಬಿಚ್ಚಿ ಬಿದ್ದವು. ರಾಮಲಿಂಗ ಬಿದ್ದದ್ದನ್ನೆಲ್ಲ ಮಡಚುತ್ತ ಹೋದ. ಒಬ್ಬ ಚಿಕ್ಕಮ್ಮ, ನೋಡಲಾದರೂ ಬಿಡಪ್ಪ ಅಳಿಯಾ, ಇಷ್ಟು ಅವಸರ ಯಾಕೆ ಎಂದಳು. ಎಲ್ಲರೂ ನಕ್ಕರು. ಸಿದರಾಯ ಅವನ ಬದಿಯಲ್ಲೇ ಕೂತು, ಗಿರಾಕಿಗಳು ನೋಡಿ ಬಿಟ್ಟ ಸೀರೆಗಳನ್ನು ಒಂದೊಂದಾಗಿ ಅವನ ಮುಂದೆ ಸರಿಸುತ್ತ, ನೋಡುತ್ತಿದ್ದದ್ದನ್ನು ಅವನ ಕಣ್ಣಿಗೆ ಬೀಳದಂತೆ ಮರೆ ಮಾಡುತ್ತ ಹೇಗೋ ನಿಭಾಯಿಸುತ್ತಿದ್ದ. ಸತ್ಯವ್ವನಿಗೆ, ಇನ್ನೇನು ದಾಟಿತು ಅನ್ನಿಸಿತು.

ಅಷ್ಟರಲ್ಲಿ ಬೀರಣ್ಣನ ತಂಗಿ ಇಳಕಲ್ ಸೀರೆಗಳಲ್ಲಿ ಇನ್ನೂ ಬೇರೆ ಬಣ್ಣ ಬೇಕೆಂದಳು. ಮಾಲಕರು ಸಿದರಾಯನನ್ನು ಹಿಂದಿನ ಗಲ್ಲಿಯ ಗೋದಾಮಿಗೆ ಓಡಿಸಿದರು. ಅವನು ಹೋಗಲು ಮನಸ್ಸಿಲ್ಲದೆ ಎದ್ದ. ಅವನ ಜಾಗ ತೆರವಾದದ್ದೇ ಮಾಲಕರು ಅಳಿಯನ ಹುಷಾರಿಯನ್ನು ಬೀಗರಿಗೆ ತೋರಿಸಬೇಕೆಂದು, ರಾಮಲಿಂಗ, ಆ ಹಸಿರು ಅಂಚಿನದನ್ನು ಬಿಚ್ಚು, ಇದನ್ನು ಇತ್ತ ಇಡು, ಅತ್ತೆಯವರಿಗೆ ದರ ಹೇಳು, ಸ್ವಲ್ಪ ನಗುತ್ತ ಮಾತಾಡು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ರಾಮಲಿಂಗನ ಕೈ ನಿಂತಿತು. ಅವನು ಮುಂದಕ್ಕೆ ಹಿಂದಕ್ಕೆ ತೂಗಲು ಶುರುಮಾಡಿದ. ಎರಡು ವರ್ಷದಲ್ಲಿ ಅವನು ಹಾಗೆ ತೂಗಿದ್ದನ್ನು ಸತ್ಯವ್ವ ನೋಡಿರಲಿಲ್ಲ.

ಕನ್ನಡಿಯ ಮುಂದೆ ಪೂನಮ ನಿಂತಿದ್ದಳು. ಅಂಗಡಿಯ ಹುಡುಗನೊಬ್ಬ ಧಾರೆಯ ಸೀರೆಯನ್ನು ಬಿಚ್ಚಿ ಅವಳ ಹೆಗಲ ಮೇಲೆ ಹಾಕಿ ತೋರಿಸುತ್ತಿದ್ದ. ಅದೊಂದು ಸೀರೆ ಉದ್ದಕ್ಕೆ ನೆಲದ ತನಕ ತೆರೆದುಕೊಂಡಿತ್ತು. ರಾಮಲಿಂಗ ಎದ್ದ. ನೆಟ್ಟಗೆ ಹೋಗಿ ಅವಳ ಹೆಗಲಿನಿಂದ ಅದನ್ನು ಎಳೆದ. ಹೊಸ ಸೀರೆಯ ಜೊತೆ ಅವಳ ಮೈಮೇಲಿನ ಸೆರಗೂ ಕೈಗೆ ಸಿಕ್ಕಿತ್ತು, ಅದೂ ಜಾರಿತು. ಎರಡು ಊರಿನ ಬೀಗರ ಎದುರಿಗೆ ಹುಡುಗಿ ಎದೆಯ ಮೇಲೆ ಕೈ ಕಟ್ಟಿಕೊಂಡು ಕುಸಿದು ಕೂತಳು.

ಹೆಂಗಸರು ಚೀರಿದರು. ಪೂನಮಳ ಸೋದರಮಾವ ರಾಮಲಿಂಗನ ಕಾಲರಿಗೆ ಕೈ ಹಾಕಿದ. ಅವನು ಹೊಡೆಯುವ ಮೊದಲೇ ಸಾತಪ್ಪನ ಕೈ ಮಗನ ಕೆನ್ನೆಯ ಮೇಲೆ ಬಿತ್ತು, ಮತ್ತೆ ಬಿತ್ತು. ಮಗ ಮಾಡಿದ್ದಕ್ಕೆ ಹೊಡೆದನೋ, ತನ್ನ ಸುಳ್ಳು ಬಯಲಾದದ್ದಕ್ಕೆ ಹೊಡೆದನೋ, ಅವನಿಗೇ ತಿಳಿದಿರಲಿಕ್ಕಿಲ್ಲ. ಸತ್ಯವ್ವ ನಡುವೆ ಬಿದ್ದಳು. ರಾಮಲಿಂಗ ಕಿವಿ ಮುಚ್ಚಿಕೊಂಡು ಪೆಟ್ಟು ತಿಂದ. ಪೆಟ್ಟು ನಿಂತ ಮೇಲೆ ಕೆಳಗೆ ಬಿದ್ದಿದ್ದ ಧಾರೆಯ ಸೀರೆಯನ್ನು ಎತ್ತಿಕೊಂಡು, ಮೂಲೆಗೆ ಮೂಲೆ ಕೂಡಿಸಿ, ಪೂರ್ತಿ ಮಡಚಿ, ರಾಶಿಯ ಮೇಲೆ ಇಟ್ಟ. ಮಂದಿ ಎಲ್ಲ ಎದ್ದು ನಿಂತು ಬೈಯುತ್ತಿರುವಾಗ ಅವನು ಮತ್ತೆ ಗಾದಿಯ ಮೇಲೆ ಹೋಗಿ ಕೂತ. ಬಸ್ತಾ ಇನ್ನೂ ಮುಗಿದಿರಲಿಲ್ಲ.

ಸಿದರಾಯ ಗೋದಾಮಿನಿಂದ ಸೀರೆಯ ಗಂಟು ಹೊತ್ತು ಬಂದಾಗ ಅಂಗಡಿ ಖಾಲಿಯಾಗಿತ್ತು. ಮಾಲಕರು ಎಲ್ಲ ಸಿಟ್ಟನ್ನೂ ಅವನ ಮೇಲೆ ತೀರಿಸಿಕೊಂಡರು: ಇಂಥವನನ್ನು ನನ್ನ ಅಂಗಡಿಯಲ್ಲಿ ಹೊಂದಿಸಿದವನು ನೀನು. ಗಾಲಿ, ಹಗ್ಗ, ಬುಟ್ಟಿ ಅಂದೇ ಕೆಳಗೆ ಇಳಿದವು.

ಮರುದಿನ ಬೆಳಿಗ್ಗೆ ರಾಮಲಿಂಗ ಡಬ್ಬಿ ಕೇಳಿದ. ಕೆನ್ನೆ ಇನ್ನೂ ಬಾತಿತ್ತು. “ಅವ್ವಾ, ಬಸ್ತಾ ಮುಗೀತೇನು?”

ಸತ್ಯವ್ವ ಬಾಯಿ ತೆರೆಯುವ ಮೊದಲೇ ಗಜಾನನ ಹಾಸಿಗೆಯಿಂದಲೇ ಕೂಗಿದ. “ಮುಗೀತು. ಎಲ್ಲಾ ಮುಗೀತು. ನಂದೂ ಮುಗೀತು.”

ಮುಗಿಯಿತು ಅಂದದ್ದೇ ರಾಮಲಿಂಗ ಬಸ್ ಹತ್ತಿ ಅಂಗಡಿಗೆ ಹೋದ, ಯಾರನ್ನೂ ನೋಡದೆ ಮಾಳಿಗೆಯ ಮೆಟ್ಟಿಲು ಏರಿದ. ಅಂಗಡಿಯ ಹುಡುಗರು ಅವನನ್ನು ಎಳೆದು ಕೆಳಗಿಳಿಸಿ ಬೀದಿಗೆ ತಳ್ಳಿದರು. ಡಬ್ಬಿ ಉರುಳಿ ಚಪಾತಿ ಪಲ್ಯ ಒಂದಾದವು. ಅದರ ಮರುದಿನವೂ ಹೋದ. ಮೂರನೆಯ ಸಲ ಮಾಲಕರು ಪೊಲೀಸರ ಹೆಸರು ತೆಗೆದರೆಂದು ಸಿದರಾಯ ಬಂದು ಹೇಳಿದ. ಅವನು ಮಾಲಕರ ಕಾಲು ಹಿಡಿಯುವುದೊಂದು ಬಾಕಿ, ಎಲ್ಲ ಮಾಡಿ ನೋಡಿದ್ದ. ಹಿಂಬಾಗಿಲಿನಿಂದ ಬರಲಿ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಬೇಡಿದ್ದ. ಮಾಲಕರು, ಹೆಣ್ಣುಮಕ್ಕಳು ಬರುವ ಅಂಗಡಿ ಇದು ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು.

“ಕೆಲಸಾ ಅಂವ ಕೆಡಸಲಿಲ್ಲ ಅಕ್ಕಾ,” ಎಂದ ಸಿದರಾಯ. “ಅವನ ಜಾಗಾ ಬಿಡಿಸಿದವ್ರು ನಾವು.”

ಸಾತಪ್ಪ ಒಳಗಿನ ಕೋಣೆಯಲ್ಲಿದ್ದ. ಕೇಳಿಸಿತು, ಹೊರಗೆ ಬರಲಿಲ್ಲ. ಆ ದಿನದಿಂದ ಸತ್ಯವ್ವ, ಮಗ ಬಸ್ತಾದ ಮಾತು ಕೇಳಿದಾಗಲೆಲ್ಲ ‘ಇನ್ನೂ ಮುಗಿದಿಲ್ಲ’ ಅನ್ನಲು ಕಲಿತಳು. ಹಾಗೆ ಅಂದರೆ ಅವನು ಮನೆಯಲ್ಲಿ ಕೂಡುತ್ತಿದ್ದ. ಟ್ರಂಕಿನಿಂದ ಅವ್ವನ ಇದ್ದ ನಾಲ್ಕು ಸೀರೆ ತೆಗೆದು, ಬಿಚ್ಚಿ, ಮಡಚಿ, ಮತ್ತೆ ಬಿಚ್ಚುತ್ತಿದ್ದ.

ಬೀರಣ್ಣನ ಮನೆಯಲ್ಲಿಯೂ ಬೆಂಕಿ ಬಿದ್ದಿತ್ತು. ಮುಹೂರ್ತ ಗೊತ್ತಾಗಿದೆ, ತುಂಬಿದ ಪೇಟೆಯಲ್ಲಿ ಹುಡುಗಿಯ ಸೆರಗು ಎಳೆದರಂತೆ ಎಂಬ ಮಾತು ಖಾನಾಪುರದ ಓಣಿ ಓಣಿ ತಿರುಗಿದೆ, ಇನ್ನು ಅವಳನ್ನು ಯಾರು ಕೇಳುತ್ತಾರೆ. ಹಿರಿಯರು ಕೂಡಿದರು. ಬೈಗುಳ ಮುಗಿದ ಮೇಲೆ ಯಾರೋ ಒಬ್ಬರು ಕಿರಿಯ ಮಗನ ಹೆಸರು ತೆಗೆದರು. ಅದೇ ಮುಹೂರ್ತ, ಅದೇ ಹೆಣ್ಣು. ಗಜಾನನ ಒಂದು ದಿನ ಮುಖ ಗಂಟು ಹಾಕಿಕೊಂಡ, ಎರಡನೆಯ ದಿನ ಕ್ಷೌರ ಮಾಡಿಸಿಕೊಂಡು ಬಂದ. ಪೂನಮಳನ್ನು ಯಾರೂ ಕೇಳಲಿಲ್ಲ. ಬೀರಣ್ಣನ ಕಡೆಯಿಂದ ಒಂದೇ ಕಟ್ಟಳೆ: ಮಗಳು ಕಾಲಿಡುವ ಮನೆಯಲ್ಲಿ ಆ ಹಿರಿಯವನು ಇರಕೂಡದು. ಸೊಸೆಯ ಸೀರೆ ಹಗ್ಗದ ಮೇಲೆ ಒಣಗುವ ಮನೆಯಲ್ಲಿ ಭಾವನಾದವನು ಅದನ್ನು ಮುಟ್ಟಿದನೆಂದರೆ ಮಂದಿ ಮತ್ತೇನು ಮಾತಾಡಬೇಕು.

“ಎಲ್ಲಿ ಕಳಸ್ತೀರಿ ಅವನ್ನ?” ಎಂದು ಸತ್ಯವ್ವ ಗಂಡನನ್ನು ಕೇಳಿದಳು.

“ಬೀಡಿಗೆ. ಭರಮಣ್ಣನ ಮನ್ಯಾಗ ಇರ್ತಾನ. ನನ್ನ ತಮ್ಮ ಅಂವ, ಹೊರಗಿನಾಂವ ಏನಲ್ಲ.”

“ಅಲ್ಲೆ ಏನ ಮಾಡ್ತಾನ?”

“ಇಲ್ಲೆ ಏನ ಮಾಡಾಕತ್ತಾನ?”

ಇದಕ್ಕೆ ಸತ್ಯವ್ವನ ಹತ್ತಿರ ಉತ್ತರ ಇತ್ತು. ಉತ್ತರ ಹೇಳಿದಳು ಕೂಡ, ಓಣಿಗೆ ಕೇಳುವ ಹಾಗೆ, ಗಂಡನ ಮೀಸೆಯಿಂದ ಹಿಡಿದು ಗಾದಿಯ ಸುಳ್ಳಿನ ತನಕ ಎಲ್ಲ. ಹೇಳಿ ಆದ ಮೇಲೆ ಮಗನ ಬಟ್ಟೆ ಚೀಲಕ್ಕೆ ತುಂಬಿದಳು. ಒಬ್ಬ ಮಗನ ಮನೆ ಕಟ್ಟಬೇಕೆಂದರೆ ಇನ್ನೊಬ್ಬನನ್ನು ಹೊರಗೆ ಹಾಕಬೇಕು ಎಂಬ ಲೆಕ್ಕವನ್ನು ಮಾಡಿದ್ದು ಗಂಡಸರು. ಚೀಲ ತುಂಬುವ ಕೆಲಸ ಅವಳ ಪಾಲಿಗೆ ಬಂತು. ಬೀಡಿಯ ಬಸ್ಸಿನಲ್ಲಿ ಕೂರಿಸುವಾಗ ಸಾತಪ್ಪ ಮಗನಿಗೆ, ಬಸ್ತಾ ಮುಗಿಯುವ ತನಕ ಕಾಕಾನ ಊರಲ್ಲಿ ಇರು ಎಂದ. ರಾಮಲಿಂಗ ಆ ಮಾತನ್ನು ತಾನೂ ಒಮ್ಮೆ ಹೇಳಿಕೊಂಡು ಕಿಟಕಿಯ ಹತ್ತಿರ ಕೂತ. ಲಗ್ನಕ್ಕೆ ಅವನನ್ನು ಕರೆಸಲಿಲ್ಲ.

ಪೂನಮ ಒಳ್ಳೆಯ ಸೊಸೆಯೇ ಆದಳು. ನಳ ಬರುವ ದಿನ ಅತ್ತೆಗಿಂತ ಮೊದಲು ಎದ್ದು ಬ್ಯಾರಲ್ಲು ತುಂಬಿಸುತ್ತಿದ್ದಳು. ಲಗ್ನವಾಗಿ ಕೆಲವು ವಾರಗಳ ಮೇಲೆ, ಅತ್ತೆ ಸೊಸೆ ಕೂಡಿ ಪುಂಡಿಪಲ್ಯ ಸೋಸುತ್ತಿದ್ದಾಗ, ತಲೆ ಎತ್ತದೆ ಹೇಳಿದಳು.

“ಅತ್ತಿ, ಅವತ್ತ ಭಾವ ನನ್ನ ಸೆರಗ ಹಿಡೀಲಿಲ್ಲರಿ. ಸೀರಿ ಮಡಚಾಕ ಬಂದಿದ್ರು. ನಂಗ ಆಗs ಗೊತ್ತಾಗಿತ್ತು. ನಮ್ಮಪ್ಪನ ಮುಂದ ಹೇಳಿದೆ.”

“ಏನಂದ್ರು?”

“ನಿನ್ನ ಯಾರ ಕೇಳ್ಯಾರ ಅಂದ್ರು.”

ಸತ್ಯವ್ವ ಪಲ್ಯದ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಮರುದಿನ ಗಂಡನಿಗೂ ಹೇಳದೆ ಚಪಾತಿ ಬಟಾಟೆ ಪಲ್ಯ ಕಟ್ಟಿಕೊಂಡು ಖಾನಾಪುರದ ಬಸ್ ಹತ್ತಿ, ಅಲ್ಲಿಂದ ಬೀಡಿಗೆ ಹೋದಳು.

ಭರಮಣ್ಣ ಅಂಗಳದಲ್ಲಿ ದನಗಳಿಗೆ ನೀರು ತೋರಿಸುತ್ತಿದ್ದ. ಅತ್ತಿಗೆ ಬಂದದ್ದು ನೋಡಿ ಸಂತೋಷಪಟ್ಟ. ಹುಡುಗನದೇನೂ ತಕರಾರಿಲ್ಲ, ಗದ್ದೆಗೆ ಕಳಿಸಿದರೆ ಬಿಸಿಲಲ್ಲಿ ನಿಂತಲ್ಲೇ ನಿಲ್ಲುತ್ತಾನೆ, ದನ ಕೂಗಿದರೆ ಹೆದರುತ್ತಾನೆ, ಹಾಗಾಗಿ ಕೊಟ್ಟಿಗೆಯ ಬಾಜು ಕೋಣೆಯಲ್ಲಿ ಬಿಟ್ಟಿದ್ದೇವೆ, ಹೊರಗಿನಿಂದ ಚಿಲಕ ಹಾಕಿರುತ್ತೇವೆ, ಬಸ್ಸಿನ ಸದ್ದು ಕೇಳಿದರೆ ಒಮ್ಮೊಮ್ಮೆ ಎದ್ದು ಬರುತ್ತಾನೆ ಎಂದ. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ಸತ್ಯವ್ವ ಚಿಲಕ ತೆಗೆದಳು. ಕೋಣೆಯಲ್ಲಿ ಗೊಬ್ಬರದ ಖಾಲಿ ಚೀಲಗಳಿದ್ದವು. ಎಲ್ಲವನ್ನೂ ರಾಮಲಿಂಗ ಸೀರೆಯ ಅಳತೆಗೆ ಮಡಚಿ, ಅಂಚಿಗೆ ಅಂಚು ಕೂಡಿಸಿ, ಗೋಡೆಯುದ್ದಕ್ಕೂ ಒಟ್ಟಿದ್ದ. ಗಡ್ಡ ಬೆಳೆದಿತ್ತು. ಅಂಗೈಯೆಲ್ಲ ಚೀಲದ ನೂಲಿಗೆ ಗೀರಿತ್ತು. ಅವ್ವನ ಮುಖ ನೋಡಲಿಲ್ಲ, ಅವಳ ಕೈಯಲ್ಲಿಯ ಡಬ್ಬಿ ನೋಡಿದ. ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡ.

“ಅವ್ವಾ, ಬಸ್ತಾ ಮುಗೀತೇನು?”

ಮುಗಿಯಿತು ಅಂದರೆ ಅವನು ಈಗಲೇ ಹೊರಡುತ್ತಾನೆ. ಬಸ್ ಹತ್ತುತ್ತಾನೆ, ಅಂಗಡಿಗೆ ಹೋಗುತ್ತಾನೆ, ಇಲ್ಲದ ಬುಟ್ಟಿಯನ್ನು ಹುಡುಕುತ್ತ ಆ ಮೆಟ್ಟಿಲು ಹತ್ತುತ್ತಾನೆ. ಸತ್ಯವ್ವ ಡಬ್ಬಿಯ ಮುಚ್ಚಳ ತೆಗೆದು, ಚಪಾತಿ ಒಂದು ಕಡೆ, ಪಲ್ಯ ಒಂದು ಕಡೆ ಇಟ್ಟಳು.

“ಇನ್ನ ಮುಗಿದಿಲ್ಲಪಾ,” ಎಂದಳು. “ಉಣ್ಣು.”

ರಾಮಲಿಂಗ ಗುಂಡಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಕೂತು ಉಂಡ. ಹೊರಗೆ ಬಂದು ಅವಳೇ ಚಿಲಕ ಹಾಕಿದಳು.